ಐದು ಗಂಟಿನ ದಾರ

ನಮ್ಮ ಅಂಗಡಿಯ ಗೋಡೆಯ ಮೇಲೆ ದೇವರ ಪಟ ಒಂದೇ ಒಂದು ಇತ್ತು, ದಾರಗಳು ಮಾತ್ರ ಲೆಕ್ಕವಿಲ್ಲದಷ್ಟು. ಊಟಿ ಮಾರ್ಕೆಟ್ಟಿನ ಹಿಂದೆ, ತರಕಾರಿ ಲಾರಿಗಳು ನಿಲ್ಲುವ ಇಳಿಜಾರಿನಲ್ಲಿ ಅಪ್ಪನ ಅಂಗಡಿ. ಗುದ್ದಲಿ, ಪಿಕಾಸಿ, ಕೊಡಲಿಗಳಿಗೆ ಕಾವು ಹಾಕಿಕೊಡುವುದು ಅವನ ಕಸುಬು. ಕಬ್ಬಿಣ ಗಿರಾಕಿಯದು, ಕೈಯಲ್ಲಿ ಹಿಡಿಯುವ ಮರ ನಮ್ಮದು. ಹೆಚ್ಚಾಗಿ ಕರ್ಪೂರದ ಮರ. ಮೈಸೂರು ಕಡೆಯ ನಮ್ಮ ನೆಂಟರು ಅದನ್ನು ನೀಲಗಿರಿ ಮರ ಎನ್ನುತ್ತಾರೆ. ನೀಲಗಿರಿಯಲ್ಲೇ ಇರುವ ನಾವು ಮಾತ್ರ ಹಾಗೆ ಅನ್ನುವುದಿಲ್ಲ.

ದಾರಗಳು ಗಿರಾಕಿಗಳ ಅಳತೆ. ಒಬ್ಬೊಬ್ಬರಿಗೆ ಒಂದೊಂದು ದಾರ, ದಾರದಲ್ಲಿ ಒಂದು ಗಂಟು. ಮೊದಲ ಸಲ ಬಂದವರನ್ನು ಅಪ್ಪ ಸಿಮೆಂಟು ನೆಲದ ಮೇಲೆ ಫೋಟೋ ತೆಗೆಸಿಕೊಳ್ಳುವವರ ಹಾಗೆ ನೆಟ್ಟಗೆ ನಿಲ್ಲಿಸುತ್ತಿದ್ದ. ನೆಲದಿಂದ ಹೊಕ್ಕುಳಿಗೆ ನಾಲ್ಕು ಬೆರಳು ಕೆಳಗಿನವರೆಗೆ ದಾರ ಹಿಡಿದು ಅಲ್ಲಿಗೆ ಗಂಟು ಹಾಕುತ್ತಿದ್ದ. ಗುದ್ದಲಿಯ ಕಾವು ಅಷ್ಟೇ ಉದ್ದ, ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಹೆಂಗಸರು ಬಂದರೆ ದಾರ ಹಿಡಿಯುವವಳು ಅಮ್ಮ. ಅಪ್ಪ ಗೋಡೆಗೆ ಮುಖ ಮಾಡಿಕೊಂಡು, "ನೆಟ್ಟಗೆ ನಿಂತ್ಕೊಳ್ಳಮ್ಮ, ಬಗ್ಗಬೇಡ" ಎಂದು ಗೋಡೆಗೇ ಅಪ್ಪಣೆ ಕೊಡುತ್ತಿದ್ದ. ಯಾರ ದಾರ ಯಾವುದು ಎಂದು ಗುರುತಿಸಲು ಅವರವರ ಹಳೆಯ ಬಟ್ಟೆಯದೊಂದು ಚೂರನ್ನು ತುದಿಗೆ ಕಟ್ಟಿ ಮೊಳೆಗೆ ನೇತುಹಾಕುವುದು ನನ್ನ ಕೆಲಸ. ಪ್ಲಸ್ ಟೂ ಮುಗಿಸಿ ಬೆಳಗ್ಗೆ ಟೈಪಿಂಗ್ ಕ್ಲಾಸು, ಆಮೇಲೆ ಅಂಗಡಿ ಎಂದು ನಾನು ಓಡಾಡುತ್ತಿದ್ದ ಕಾಲ ಅದು, ತೊಂಬತ್ತರ ದಶಕದ ಕೊನೆಯ ವರ್ಷಗಳು.

"ಅಂಗಿ ದೊಗಳೆ ಆದ್ರೆ ಜನ ನಗ್ತಾರೆ ಅಷ್ಟೇ. ಕಾವು ಅಳತೆ ತಪ್ಪಿದ್ರೆ ಸೊಂಟ ಅಳ್ತದೆ" ಎನ್ನುವುದು ಅಪ್ಪ ದಿನಕ್ಕೆ ನಾಲ್ಕು ಸಲ ಹೇಳುವ ಮಾತು. ಈ ವಿದ್ಯೆ ಅವನಿಗೆ ಅವನ ಅಪ್ಪನಿಂದ ಬಂದದ್ದು. ತಾತ ಗುಂಡ್ಲುಪೇಟೆ ಕಡೆಯ ಬಯಲಿನಲ್ಲಿ ಕಾವು ಹಾಕುತ್ತಿದ್ದವನು. ಆ ನಾಲ್ಕು ಬೆರಳಿನ ಲೆಕ್ಕವನ್ನು ಅಪ್ಪ ಕಲ್ಲಟ್ಟಿ ಘಾಟಿ ಹತ್ತಿಸಿ ಬೆಟ್ಟದ ಮೇಲಕ್ಕೆ ತಂದಿದ್ದ. ಕಾವು ಮುಗಿದ ಮೇಲೆ ಕಾದ ಕಂಬಿಯಿಂದ ಅದರ ತುದಿಯಲ್ಲಿ ಮೂರು ಚುಕ್ಕಿ ಸುಡುತ್ತಿದ್ದ. ಅದು ಅವನ ಸಹಿ. ಆ ಚುಕ್ಕಿಗಳ ಬಗ್ಗೆ ಅವನಿಗಿದ್ದ ಜಂಬ ನೋಡಿದರೆ ಊಟಿ ಕೆರೆಯನ್ನು ಅವನೇ ತೋಡಿದ್ದು ಅನ್ನಬೇಕು.

ಕಾವು ನಯ ಮಾಡುವವಳು ಅಮ್ಮ. ಬಾಟಲಿ ಗಾಜಿನ ಚೂರಿನಿಂದ ಮರವನ್ನು ಹೆರೆದು ಹೆರೆದು, ಎಣ್ಣೆ ಹಚ್ಚಿ, ಅಂಗೈಗೆ ಒಂದು ಸಿಬಿರೂ ತಾಗದ ಹಾಗೆ ಮಾಡುತ್ತಿದ್ದಳು. ಆದರೆ ಅವಳು ಕೂರುವ ಜಾಗ ದೇವರಿಗೇ ಪ್ರೀತಿ. ಒಂದು ತರಕಾರಿ ಪೆಟ್ಟಿಗೆಯ ಮೇಲೆ ಕೂತು, ಕಾವಿನ ಒಂದು ತುದಿಯನ್ನು ಅಪ್ಪನ ಕೆಲಸದ ಮೇಜಿಗೆ ಆನಿಸಿ ಹೆರೆಯಬೇಕು. ಮೇಜು ಅಪ್ಪನ ಎತ್ತರಕ್ಕೆ ಮಾಡಿದ್ದು. ಅಪ್ಪ ಆರಡಿಗೆ ಸ್ವಲ್ಪ ಕಡಿಮೆ, ಅಮ್ಮ ಅವನ ಎದೆಗೆ ಬರುವವಳು. ಹಾಗಾಗಿ ದಿನವಿಡೀ ಅವಳ ಎಡಭುಜ ಕಿವಿಯ ಹತ್ತಿರವೇ ಇರುತ್ತಿತ್ತು.

ಅಮ್ಮ ತನ್ನಷ್ಟಕ್ಕೆ ಒಂದು ವ್ಯವಸ್ಥೆ ಮಾಡಿಕೊಂಡಿದ್ದಳು. ಪೆಟ್ಟಿಗೆಯ ಮೇಲೆ ಎರಡು ಗೋಣಿಚೀಲ ಮಡಿಸಿ ಹಾಕುವುದು, ಬಲಗಾಲಿನ ಕೆಳಗೆ ಒಂದು ಎಣ್ಣೆ ಡಬ್ಬಿ ಅಡ್ಡ ಇಡುವುದು, ಸೊಂಟದ ಎಡಬದಿಗೆ ಹಳೆಯ ಕಂಬಳಿಯನ್ನು ಸುರುಳಿ ಸುತ್ತಿ ಒತ್ತಿಕೊಳ್ಳುವುದು. ನೋಡುವವರಿಗೆ ಗುಜರಿ ಅಂಗಡಿಯ ಮುಂದೆ ಕೂತ ಹಾಗೆ ಕಾಣುತ್ತಿದ್ದಳು. ಅಪ್ಪನಿಗೆ ಅಂಗಡಿ ಎಂದರೆ ದೇವರ ಮನೆ. ಸಂಜೆ ಬಾಗಿಲು ಹಾಕುವ ಮುಂಚೆ ಗುಡಿಸಿ, ಗೋಣಿಚೀಲ ಕೊಡವಿ ಮೂಲೆಗೆ, ಡಬ್ಬಿ ಶೆಲ್ಫಿಗೆ, ಕಂಬಳಿ ಗೂಟಕ್ಕೆ ಹಾಕಿ, "ಏ ಇವಳೇ, ಏನು ಗಲೀಜು ಮಾಡ್ಕೊಂಡು ಕೂರ್ತೀಯ ನೀನು" ಎಂದು ಬೈದೇ ಬೀಗ ಹಾಕುತ್ತಿದ್ದ. ಬೆಳಗ್ಗೆ ಅಮ್ಮ ಮತ್ತೆ ಮೊದಲಿನಿಂದ ಎಲ್ಲ ಜೋಡಿಸುತ್ತಿದ್ದಳು. ಚೀಲದ ಮಡಿಕೆ ಒಂದು ಹೆಚ್ಚಾಗುವುದು, ಕಂಬಳಿ ಸ್ವಲ್ಪ ಕೆಳಗಾಗುವುದು, ಸರಿ ಹೋಗುವಷ್ಟರಲ್ಲಿ ಹತ್ತು ಗಂಟೆ. ಇದು ಎಷ್ಟು ವರ್ಷ ನಡೆಯಿತೋ ಗೊತ್ತಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ನೋಡಿದ್ದೇನೆ, ಒಂದು ದಿನವೂ ಅದರ ಬಗ್ಗೆ ಯೋಚಿಸಿರಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಒಂದು ಚಳಿಗಾಲದಲ್ಲಿ ಅಮ್ಮನಿಗೆ ಎಡಗೈ ಎತ್ತಿ ತಲೆ ಬಾಚಿಕೊಳ್ಳಲು ಆಗದಾಯಿತು. ಜಡೆ ಹಾಕಲು ನನ್ನನ್ನು ಕರೆದಳು. ಮೊದಲು ಮುದ್ದು ಮಾಡಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡೆ. ನಾಲ್ಕನೆಯ ದಿನ ಕುಪ್ಪಸದ ತೋಳು ಹಾಕಿಕೊಳ್ಳುವಾಗ ಅವಳ ಕಣ್ಣಲ್ಲಿ ನೀರು ನೋಡಿ, ಅಪ್ಪನೂ ನಾನೂ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಕೈ ಹಿಡಿದು ತಿರುಗಿಸಿ ನೋಡಿ, ಏನು ಕೆಲಸ ಮಾಡುತ್ತೀರಿ ಎಂದು ಕೇಳಿ, "ಭುಜ ಎತ್ತಿಕೊಂಡು ಮಾಡೋ ಕೆಲಸ ಇನ್ನು ಬೇಡ. ಒಂದು ತಿಂಗಳು ಬಿಟ್ಟು ಬನ್ನಿ, ನೋಡೋಣ" ಎಂದರು.

ಅಪ್ಪ ಹೊರಗೆ ಬಂದ ಕೂಡಲೇ ತೀರ್ಮಾನ ಮಾಡಿಬಿಟ್ಟ. "ಇನ್ನು ಮೇಲೆ ನೀನು ಮನೇಲಿರು." ಪ್ರೀತಿಯಿಂದಲೇ ಹೇಳಿದ್ದು. ಅಮ್ಮ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ನಮ್ಮ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಅಂಗಡಿಯಲ್ಲಾದರೆ ಮಂಗಳವಾರ ಸಂತೆಗೆ ಬರುವ ಹೆಂಗಸರೆಲ್ಲ ಅಮ್ಮನ ಸುತ್ತ ಬುಟ್ಟಿ ಇಳಿಸಿ ಕೂರುತ್ತಿದ್ದರು. ಯಾರ ಮಗಳಿಗೆ ಹೆರಿಗೆ, ಯಾರ ಎಮ್ಮೆ ಕರು ಹಾಕಿತು, ಯಾರ ಅತ್ತೆ ಯಾರಿಗೆ ಏನಂದಳು, ಎಲ್ಲ ಅಮ್ಮನ ಗಾಜಿನ ಚೂರಿನ ಕರಕರ ಸದ್ದಿನ ಜೊತೆಗೇ ಸಾಗುತ್ತಿತ್ತು. ಅದನ್ನು ಬಿಟ್ಟರೆ ಅವಳಿಗೆ ಬೇರೆ ಲೋಕವಿರಲಿಲ್ಲ. ಮೂರನೆಯ ದಿನ ಅವಳು ಅಪ್ಪನ ಎದುರು ಕೂತು ಹೇಳಿದಳು, "ರೀ, ಕೈ ನೋವು ತಡ್ಕೋತೀನಿ. ಮನೇಲಿ ಗೋಡೆ ನೋಡ್ಕೊಂಡು ಕೂರೋದು ಮಾತ್ರ ನನ್ನ ಕೈಲಾಗಲ್ಲ."

ಅಪ್ಪ ತಲೆ ಕೆರೆದುಕೊಂಡು ಒಂದು ರಾಜಿಗೆ ಬಂದ. ತಿಂಗಳ ಕೊನೆಯವರೆಗೆ ದಿನಕ್ಕೆ ಎರಡೇ ಕಾವು. ಅಷ್ಟರಲ್ಲಿ ಎಡಗೈ ಎತ್ತಿ ಕಿವಿ ಮುಟ್ಟಲು ಆದರೆ ಸರಿ, ಆಗದಿದ್ದರೆ ಅಂಗಡಿಗೆ ಕಾಲಿಡಬಾರದು. ಅಮ್ಮ ಒಪ್ಪಿದಳು. ಅಂದಿನಿಂದ ದಿನಾ ಬೆಳಗ್ಗೆ ಕನ್ನಡಿಯ ಮುಂದೆ ನಿಂತು ಕೈ ಎತ್ತಿ ನೋಡುತ್ತಿದ್ದಳು. ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಮುಖ ಕಿವುಚಿ ಇಳಿಸುತ್ತಿದ್ದಳು. ಅಂಗಡಿಯಲ್ಲಿ ಚೀಲ, ಡಬ್ಬಿ, ಕಂಬಳಿ ಜೋಡಿಸುವುದು, ಸಂಜೆ ಅಪ್ಪ ಅದನ್ನು ಎತ್ತಿಡುವುದು ಮಾತ್ರ ಹಾಗೇ ನಡೆದಿತ್ತು.

ತಿಂಗಳು ಅರ್ಧ ಕಳೆದಾಗ, ಒಂದು ಮಂಗಳವಾರ, ತುಮ್ಮನಟ್ಟಿಯ ಹೆತ್ತೆ ಬಂದರು. ಇಲ್ಲಿನ ಬೆಟ್ಟದ ಬಡಗರ ಮಾತಿನಲ್ಲಿ ಹೆತ್ತೆ ಎಂದರೆ ಅಜ್ಜಿ. ಬಿಳಿ ಬಟ್ಟೆ ಹೊದ್ದು, ಎಪ್ಪತ್ತು ದಾಟಿದ್ದರೂ ಹೊಲಕ್ಕೆ ಹೋಗುವ ಗಟ್ಟಿ ಜೀವ. ಅವರ ಮಾತು ಬಡಗ, ನಮ್ಮದು ಮೈಸೂರು ಸೀಮೆಯದು. ಎರಡೂ ಅರ್ಧರ್ಧ ದಾರಿ ನಡೆದು ಬಂದು ಮಧ್ಯದಲ್ಲಿ ಸೇರಿಕೊಳ್ಳುತ್ತಿದ್ದವು. ಹಿಂದಿನ ವಾರ ಒಯ್ದಿದ್ದ ಗುದ್ದಲಿಯನ್ನು ಅಪ್ಪನ ಮುಂದೆ ಇಟ್ಟು ಹೇಳಿದರು.

"ತಮ್ಮಾ, ಈ ಕಾವು ಒಂದು ಗೇಣು ಕುಯ್ದು ಕೊಡು. ಹೊಟ್ಟೆಗೆ ಇಡಿತದೆ, ಬಂದು ಗುದ್ದತದೆ."

ಅಪ್ಪನ ಮುಖ ಕೆಂಪಾಯಿತು. ಮೊಳೆಯಿಂದ ಹೆತ್ತೆಯ ದಾರ ತೆಗೆದು ಕಾವಿನ ಪಕ್ಕ ಹಿಡಿದ. ಗಂಟು ಸರಿಯಾಗಿ ತುದಿಗೇ ಬಂತು. "ನೋಡಿ ಹೆತ್ತೆ, ದಾರ ಸುಳ್ಳು ಹೇಳ್ತದಾ?"

"ದಾರ ಯಾಕೆ ಸುಳ್ಳು ಹೇಳ್ತದೆ? ನನ್ನ ಹೊಟ್ಟೆಯೂ ಸುಳ್ಳು ಹೇಳ್ತಿಲ್ಲ. ನೀ ಒಂದು ಸಲ ನನ್ನ ಹೊಲಕ್ಕೆ ಬಾ."

ಇಪ್ಪತ್ತು ವರ್ಷದಲ್ಲಿ ಅಪ್ಪ ಒಬ್ಬ ಗಿರಾಕಿಯ ಹೊಲವನ್ನೂ ನೋಡಿದವನಲ್ಲ. ಜಿದ್ದಿಗೆ ಬಿದ್ದು, ಮರುದಿನವೇ ಹೆತ್ತೆಯ ದಾರವನ್ನು ಜೇಬಿಗೆ ಹಾಕಿಕೊಂಡು, ನನ್ನನ್ನು ಕರೆದುಕೊಂಡು ತುಮ್ಮನಟ್ಟಿಯ ಬಸ್ಸು ಹತ್ತಿದ. ದಾರಿಯುದ್ದಕ್ಕೂ, "ವಯಸ್ಸಾಯ್ತು, ಬೆನ್ನು ಬಗ್ಗಿದೆ, ಅದನ್ನ ಕಾವಿನ ಮೇಲೆ ಹಾಕ್ತಾರೆ" ಎಂದು ಗೊಣಗಿದ.

ಹೊಲ ಎಂದರೆ ಏಣಿ ಒರಗಿಸಿಟ್ಟ ಹಾಗೆ ಇಳಿಜಾರು. ಹೆತ್ತೆಯ ಸೊಸೆಯೂ ಪಕ್ಕದ ಹೊಲದವಳೂ ಕ್ಯಾರೆಟ್ಟಿಗೆ ಮಣ್ಣು ಅಗೆಯುತ್ತಿದ್ದರು. ಇಬ್ಬರೂ ಬೆಟ್ಟದ ಮೇಲ್ಬದಿಗೆ ಮುಖ ಮಾಡಿ ನಿಂತಿದ್ದರು. ಕಾಲಿಟ್ಟ ಜಾಗ ಕೆಳಗೆ, ಗುದ್ದಲಿ ಬೀಳುವ ಜಾಗ ಹತ್ತಿರ ಹತ್ತಿರ ಮೊಣಕಾಲಿನ ಎತ್ತರದಲ್ಲಿ. ಹೆತ್ತೆ ನಮ್ಮ ಹೊಸ ಕಾವಿನ ಗುದ್ದಲಿ ತೆಗೆದುಕೊಂಡು ಅವರ ಸಾಲಿನಲ್ಲೇ ನಿಂತು ಒಂದು ಏಟು ಹಾಕಿದರು. ಗುದ್ದಲಿ ಮಣ್ಣಿಗೆ ಕಚ್ಚಿದ ಕೂಡಲೇ ಕಾವಿನ ಹಿಂತುದಿ ಬಂದು ಅವರ ಹೊಟ್ಟೆಗೆ ಗುಮ್ಮಿತು. ಇನ್ನೊಂದು ಏಟು, ಇನ್ನೊಂದು ಗುಮ್ಮು.

"ಕಂಡೆಯಾ?" ಎಂದರು.

ಅಪ್ಪ ಸೊಸೆಯ ಗುದ್ದಲಿಯನ್ನು ಇಸಿದುಕೊಂಡು ತಿರುಗಿಸಿ ನೋಡಿದ. ತುದಿಯಲ್ಲಿ ಮೂರು ಚುಕ್ಕಿ ಇರಲಿಲ್ಲ. ಅವನಿಗೆ ಜೀವ ಬಂದ ಹಾಗಾಯಿತು. "ಇದು ನನ್ನದಲ್ಲ. ಇದನ್ನ ಯಾರು ಹಾಕಿದ್ದು? ನೋಡಿ, ತುದಿ ಎಷ್ಟು ಒರಟು."

ಸೊಸೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಹೆತ್ತೆ ಹೇಳಿದರು, "ನಿನ್ನದೇ ತಮ್ಮಾ. ಎಲ್ಲ ನಿನ್ನದೇ. ಚುಕ್ಕಿ ಇದ್ದ ತುಂಡು ಒಲೆಗೆ ಹೋಯ್ತು."

ವಿಷಯ ಇಷ್ಟು. ಇಪ್ಪತ್ತು ವರ್ಷದಿಂದ ಆ ಊರಿನವರೆಲ್ಲ ನಮ್ಮ ಅಂಗಡಿಯಿಂದ ಕಾವು ಹಾಕಿಸಿಕೊಂಡು ಹೋಗಿ, ಮನೆಯಲ್ಲಿ ಗರಗಸ ಹಿಡಿದು ಒಂದು ಗೇಣು ಕತ್ತರಿಸಿಕೊಳ್ಳುತ್ತಿದ್ದರು. ಬಯಲಿನ ಅಳತೆ ಬೆಟ್ಟಕ್ಕೆ ಆಗುವುದಿಲ್ಲ ಎಂದು ಅಪ್ಪನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಮರ ಒಳ್ಳೆಯದು, ನಯ ಒಳ್ಳೆಯದು, ಮನುಷ್ಯನೂ ಒಳ್ಳೆಯವನು, ಅವನ ಮನಸ್ಸು ಯಾಕೆ ನೋಯಿಸುವುದು ಎಂದು ಯಾರೂ ಬಾಯಿ ಬಿಟ್ಟಿರಲಿಲ್ಲ. ಹೆತ್ತೆ ಈಗ ಹೇಳಿದ್ದಕ್ಕೂ ಕಾರಣವಿತ್ತು. ಮಗ ಲಾರಿಯ ಜೊತೆ ಮೆಟ್ಟುಪಾಳಯಕ್ಕೆ ಹೋಗಿದ್ದ, ಅವರ ಕೈಯಲ್ಲಿ ಗರಗಸ ಎಳೆಯುವ ಶಕ್ತಿ ಉಳಿದಿರಲಿಲ್ಲ.

ಅಪ್ಪ ಬದುವಿನ ಮೇಲೆ ಕೂತುಬಿಟ್ಟ. ಹೆತ್ತೆ ಕೊಟ್ಟ ಕಾಫಿ ಆರಿಹೋಯಿತು. ಅವನನ್ನು ಅಷ್ಟು ಸಣ್ಣದಾಗಿ ನಾನು ಯಾವತ್ತೂ ನೋಡಿರಲಿಲ್ಲ, ಪಾಪ ಅನ್ನಿಸಿತು. ತುಸು ಹೊತ್ತಿನ ಮೇಲೆ ಎದ್ದು, ಹೆತ್ತೆಯನ್ನು ಅಲ್ಲೇ, ಇಳಿಜಾರಿನಲ್ಲೇ, ಗುದ್ದಲಿ ಬೀಸುತ್ತಿರುವಾಗಲೇ ನಿಲ್ಲಿಸಿ, ನನ್ನ ಕೈಯಿಂದ ಅಳೆಸಿದ. ಈ ಸಲ ಗೋಡೆಗೆ ಮುಖ ಮಾಡಲು ಅಲ್ಲಿ ಗೋಡೆಯೂ ಇರಲಿಲ್ಲ. ಹಳೆಯ ಗಂಟು ಬಿಚ್ಚಿ ಹೊಸ ಗಂಟು ಹಾಕಿದ.

ಬಸ್ಸಿನಲ್ಲಿ ಅವನು ಒಂದೇ ಒಂದು ಮಾತಾಡಿದ್ದು. "ಜನ ಕೆಲಸ ಮಾಡುವಾಗ ನಾನು ನೋಡೇ ಇಲ್ಲ ಕಣಮ್ಮ. ನಿಂತ್ಕೊಂಡಿದ್ದಾಗ ನೋಡಿದ್ದು."

ನಾವು ಅಂಗಡಿ ಸೇರಿದಾಗ ಸಂಜೆಯಾಗಿತ್ತು. ಅಮ್ಮ ಆಗತಾನೆ ಎದ್ದು ಮುಖ ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದಳು. ಅಪ್ಪ ಅಭ್ಯಾಸಬಲದಿಂದ ಪೊರಕೆ ತೆಗೆದುಕೊಂಡ. ಬಗ್ಗಿ ಗೋಣಿಚೀಲಕ್ಕೆ ಕೈ ಹಾಕಿದವನು ಹಾಗೇ ನಿಂತ. ಚೀಲದ ಮಧ್ಯೆ ಅಮ್ಮ ಕೂತ ಗುಳಿ ಇನ್ನೂ ಇತ್ತು. ಅವನು ಚೀಲ ನೋಡಿದ, ಡಬ್ಬಿ ನೋಡಿದ, ಕಂಬಳಿ ನೋಡಿದ. ಆಮೇಲೆ ತನ್ನ ಮೇಜಿನ ಎತ್ತರ ನೋಡಿದ. ಪೊರಕೆಯನ್ನು ಮೂಲೆಗೆ ಇಟ್ಟು ನನ್ನ ಕಡೆ ತಿರುಗಿ, "ಇವೆಲ್ಲ ದಿನಾ ಒಂದೇ ಥರ ಇಡ್ತಾಳಾ?" ಎಂದು ಕೇಳಿದ.

"ಒಂದೇ ಥರ ಇಡಕ್ಕೆ ನೋಡ್ತಾಳೆ. ನೀನು ದಿನಾ ಕೀಳ್ತೀಯಲ್ಲ" ಎಂದೆ. ಆ ಮಾತು ಅಷ್ಟು ಖಾರವಾಗಿ ಬರಬಾರದಿತ್ತು, ಬಂತು. ದೀಪದ ಬುಡದಲ್ಲೇ ಕತ್ತಲೆ ಎಂದು ಗಾದೆ ಹೇಳುವುದಷ್ಟೇ ಬಾಕಿ ಇತ್ತು, ಅದನ್ನು ನುಂಗಿಕೊಂಡೆ.

ಅವತ್ತು ಅಪ್ಪ ಗುಡಿಸಲಿಲ್ಲ.

ಮರುದಿನ ಬೆಳಗ್ಗೆ ಅಮ್ಮ ಬಂದು, ತನ್ನ ಸಾಮಾನು ಇದ್ದ ಹಾಗೇ ಇರುವುದನ್ನು ನೋಡಿ ಗಾಬರಿಯಾದಳು. ಅವನಿಗೆ ಮೈ ಸರಿಯಿಲ್ಲವೇನೋ ಎಂದು ಹಣೆ ಮುಟ್ಟಿ ನೋಡಲು ಹೋದಳು. ಅಪ್ಪ ದಾರ ಹಿಡಿದು ನಿಂತಿದ್ದ. "ಇವಳೇ, ಕೂತ್ಕೋ. ನಿನ್ನ ಗಲೀಜೆಲ್ಲ ನಿನಗೆ ಹೇಗೆ ಬೇಕೋ ಹಾಗೆ ಇಟ್ಕೋ. ಕೆಲಸ ಮಾಡು. ನಾನು ನೋಡ್ಬೇಕು."

"ಏನ್ರೀ ಇದು ಹೊಸ ನಾಟಕ? ಮದುವೆಯಾಗಿ ಇಷ್ಟು ವರ್ಷಕ್ಕೆ ಹೆಣ್ಣು ನೋಡಕ್ಕೆ ಬಂದಿದೀರಾ?" ಎಂದಳು ಅಮ್ಮ. ನಾಚಿಕೆಗೆ ಅವಳ ಕಿವಿ ಕೆಂಪಾಗಿತ್ತು.

ಮೂರು ದಿನ ಅಪ್ಪ ಅವಳನ್ನು ನೋಡಿದ. ಅವಳು ಮರೆತು ಸಹಜವಾಗಿ ಕೂತಾಗ ಮೆಲ್ಲಗೆ ಬಂದು ದಾರ ಹಿಡಿಯುತ್ತಿದ್ದ. ಎಲ್ಲರ ದಾರದಲ್ಲಿ ಒಂದು ಗಂಟು, ಅಮ್ಮನ ದಾರದಲ್ಲಿ ಐದು. ಬಲಪಾದ ಇರುವಲ್ಲಿ ಒಂದು, ಕೂರುವಲ್ಲಿ ಒಂದು, ಸೊಂಟಕ್ಕೆ, ಮೊಣಕೈಗೆ, ಭುಜಕ್ಕೆ ಒಂದೊಂದು. ಗುರುತಿಗೆ ಬಟ್ಟೆ ಬೇಕಲ್ಲ, ಸೀರೆ ಹರಿಯಲು ಅಮ್ಮ ಬಿಡಲಿಲ್ಲ. ಅದೇ ಹಳೆಯ ಕಂಬಳಿಯ ಒಂದು ಚೂರು ಕತ್ತರಿಸಿ ನಾನೇ ಕಟ್ಟಿದೆ.

ಆಮೇಲೆ ಒಂದು ವಾರ ಗಿರಾಕಿಗಳನ್ನು ಕಾಯಿಸಿ ಅಪ್ಪ ಒಂದು ಕೂರುಮಣೆ ಮಾಡಿದ. ಬೆಂಚು ಅನ್ನಿ, ಕುರ್ಚಿ ಅನ್ನಿ, ಅದು ಎರಡೂ ಅಲ್ಲ. ಕೂರುವ ಹಲಗೆ ಬಲಕ್ಕೆ ಸ್ವಲ್ಪ ವಾಲಿತ್ತು. ಬಲಗಾಲಿಗೆ ಡಬ್ಬಿಯಷ್ಟೇ ಎತ್ತರದ ಮೆಟ್ಟಿಲು, ಎಡಗಾಲಿಗೆ ಏನೂ ಇಲ್ಲ. ಬೆನ್ನಿಗೆ ಪೂರ್ತಿ ಒರಗು ಇರಲಿಲ್ಲ, ಎಡಬದಿಯ ಸೊಂಟಕ್ಕೆ ಮಾತ್ರ ಕಂಬಳಿ ಸುತ್ತಿದ ಒಂದು ಮರದ ತುಂಡು. ಮುಂದೆ ಮಣೆಗೇ ಕವೆ ಕೋಲೊಂದನ್ನು ಅಮ್ಮನ ಮೊಣಕೈ ಮಟ್ಟಕ್ಕೆ ಕೂಡಿಸಿ, ಕಾವಿನ ತುದಿ ಇನ್ನು ಮೇಲೆ ಅವನ ಮೇಜಿಗೆ ಹೋಗದೆ ಆ ಕವೆಯಲ್ಲಿ ಕೂರುವಂತೆ ಮಾಡಿದ. ಅಮ್ಮ ಕೂತು ಗಾಜಿನ ಚೂರು ಎತ್ತಿಕೊಂಡಳು. ಅವಳ ಎಡಭುಜ ಇಳಿದೇ ಇತ್ತು. ಅವಳ ಕುತ್ತಿಗೆ ಅಷ್ಟು ಉದ್ದವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಒಂದು ಕಾವು ಮುಗಿಸಿ ಅವಳು ಹೇಳಿದ್ದು ಇಷ್ಟೇ, "ಗುಡಿಸುವಾಗ ಇದನ್ನ ಹೇಗೆ ಎತ್ತಿಡ್ತೀರೋ ನೋಡ್ತೀನಿ." ಅಪ್ಪ ಅದನ್ನು ಸಿಮೆಂಟಿಗೇ ತೂತು ಕೊರೆದು ಮೊಳೆ ಹೊಡೆದು ಕೂರಿಸಿದ್ದ.

ತಿಂಗಳ ಕೊನೆಯ ದಿನ ಬೆಳಗ್ಗೆ ಅಪ್ಪನೂ ನಾನೂ ಕನ್ನಡಿಯ ಪಕ್ಕ ನಿಂತೆವು. ಅಮ್ಮ ಕೈ ಎತ್ತಿದಳು. ಎದೆ ದಾಟಿತು, ಗಲ್ಲ ದಾಟಿತು, ಅಲ್ಲಿಗೆ ನಿಂತಿತು. ಕೊನೆಗೆ ತಲೆಯನ್ನೇ ಒಂದಿಷ್ಟು ವಾಲಿಸಿ ಬೆರಳ ತುದಿಯನ್ನು ಓಲೆಗೆ ತಾಗಿಸಿದಳು. ಅಪ್ಪ ಆ ಮೋಸವನ್ನು ನೋಡಿದ, ನೋಡದವನ ಹಾಗೆ ಅಂಗಡಿ ಬೀಗದ ಕೈ ಹುಡುಕಲು ಹೋದ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ, "ನೋಡಿದ್ರಾ, ಆ ಕೆಲಸ ಬಿಟ್ಟಿದ್ದು ಎಷ್ಟು ಒಳ್ಳೇದಾಯ್ತು" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ನನ್ನ ಕಾಲು ತುಳಿದಳು.

ನೋವು ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಮಂಜು ಬೀಳುವ ತಿಂಗಳುಗಳಲ್ಲಿ ಬರುತ್ತಿತ್ತು. ಆದರೆ ಅವಳು ಆ ಮಣೆಯ ಮೇಲೆ ಮತ್ತೆ ಒಂಬತ್ತು ವರ್ಷ ಕೂತಳು, ಊರಿನ ಸುದ್ದಿಯನ್ನೆಲ್ಲ ಹೆರೆದು ನಯ ಮಾಡಿದಳು. ಅಪ್ಪ ಅಂಗಡಿಯಲ್ಲಿ ಒಂದು ಇಳಿಜಾರು ಹಲಗೆ ಹಾಕಿಸಿದ. ಬಂದವರೆಲ್ಲ ಅದರ ಮೇಲೆ ನಿಂತು ಬರಿಗೈಯಲ್ಲಿ ಗುದ್ದಲಿ ಬೀಸಿದ ಹಾಗೆ ಮಾಡಿ ತೋರಿಸಬೇಕು, ಆಮೇಲೆಯೇ ದಾರ. ಮಾರ್ಕೆಟ್ಟಿನವರಿಗೆ ಅದೊಂದು ಪುಕ್ಕಟೆ ತಮಾಷೆ. ಗೋಡೆಯ ಹಳೆಯ ದಾರಗಳ ಗಂಟುಗಳನ್ನೆಲ್ಲ ಅವನು ಒಂದೊಂದಾಗಿ ಬಿಚ್ಚಿದ. ಚುಕ್ಕಿ ಸುಡುವ ಜಾಗವನ್ನೂ ಕಾವಿನ ತುದಿಯಿಂದ ಮಧ್ಯಕ್ಕೆ ತಂದ. ಮೊದಲಿನ ಜಂಬ ಮತ್ತೆ ಬರಲಿಲ್ಲ.

ಮುಂದೆ ನಾನು ಊಟಿಯಲ್ಲೇ ಒಂದು ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ, ಹೊಸ ಕುರ್ಚಿಗಳನ್ನು ತಂದವನೊಬ್ಬ ಮೈಗೆ ಹೊಂದುವ ಹಾಗೆ ಕುರ್ಚಿ ಮಾಡುವ ವಿದ್ಯೆಗೆ ಎರ್ಗೊನಾಮಿಕ್ಸ್ ಎಂಬ ಉದ್ದದ ಮಾತು ಹೇಳಿ, ಕುರ್ಚಿಯ ಹಿಡಿ ಎಳೆದು ಏರಿಸಿ ಇಳಿಸಿ ತೋರಿಸಿದ. ನಾನು ಕೂತ ಹಾಗೇ ನೋಡಿಕೊಂಡು ಸರಿಮಾಡಿಕೊಡಪ್ಪ ಎಂದೆ. ಎಲ್ಲರಿಗೂ ಇದೇ ಅಳತೆ ಮೇಡಂ, ಒಂದೇ ಸೈಜು ಎಂದ. ನನಗೆ ಕ್ಯಾರೆಟ್ ಹೊಲದಲ್ಲಿ ಬದುವಿನ ಮೇಲೆ ಕೂತ ಅಪ್ಪ ನೆನಪಾದ.

ಅವರಿಬ್ಬರೂ ಈಗ ಇಲ್ಲ. ಅಂಗಡಿ ಬಿಟ್ಟುಕೊಡುವಾಗ ಮೊಳೆ ಕಿತ್ತು ಆ ಮಣೆಯನ್ನೂ ಅಮ್ಮನ ದಾರವನ್ನೂ ಮನೆಗೆ ತಂದೆ. ಮೊನ್ನೆ ಬಾಗಿಲು ರಿಪೇರಿಗೆ ಬಂದ ಬಡಗಿ ಅದನ್ನು ನೋಡಿ, ತಿರುಗಿಸಿ, "ಅಕ್ಕಾ, ಮರ ಒಳ್ಳೇದು, ಮಾಡಿದೋರಿಗೆ ಕೆಲಸ ಗೊತ್ತಿಲ್ಲ. ಎಲ್ಲ ಸೊಟ್ಟ. ಒಂದು ಗಂಟೇಲಿ ಲೆವೆಲ್ ಮಾಡಿಕೊಡ್ಲಾ?" ಎಂದ. ಮುಟ್ಟಬೇಡ ಎಂದು ಕೂಗಿದೆ. ಅವನು ಬೆಚ್ಚಿ ಕೈ ತೆಗೆದ. ಆಮೇಲೆ ನನಗೇ ಸಂಕೋಚವಾಗಿ ಟೀ ಮಾಡಿಕೊಟ್ಟೆ.

ಅವನು ಹೋದ ಮೇಲೆ ಅದರ ಮೇಲೆ ಕೂತು ನೋಡಿದೆ. ನಾನು ಅಪ್ಪನ ಎತ್ತರ. ಮೊಣಕಾಲು ಎದೆಗೆ ಬರುತ್ತದೆ, ಸೊಂಟದ ಮರ ಎಲ್ಲಿಗೋ ಒತ್ತುತ್ತದೆ, ಐದು ನಿಮಿಷಕ್ಕೆ ಬೆನ್ನು ಹಿಡಿದುಕೊಳ್ಳುತ್ತದೆ. ಎದ್ದು ದಾರ ತಂದು, ಮೊದಲ ಗಂಟನ್ನು ಕಾಲಿನ ಮೆಟ್ಟಿಲಿಗೆ ಇಟ್ಟು ಮೇಲಕ್ಕೆ ಹಿಡಿದೆ. ಎರಡನೆಯದು ಕೂರುವ ಹಲಗೆಗೆ ಸರಿಯಾಗಿ ಬಂತು. ಮೂರನೆಯದು ಕಂಬಳಿ ಸುತ್ತಿದ ಮರಕ್ಕೆ, ನಾಲ್ಕನೆಯದು ಕವೆಗೆ. ಐದನೆಯದಕ್ಕೆ ಮಣೆಯಲ್ಲಿ ಏನೂ ಇಲ್ಲ. ಅದು ಅಮ್ಮನ ಭುಜ. ನಾನು ದಾರ ಹಿಡಿದುಕೊಂಡೇ ತುಂಬ ಹೊತ್ತು ಅಲ್ಲಿ ನಿಂತಿದ್ದೆ.